ಬುಧವಾರದ ಉಪವಾಸ

ಎಂ.ಎಸ್‌ಸಿ. ಓದಲು ಇಟಲಿಯ ಪಾದೊವಾಕ್ಕೆ ಹೋದ ಹೊಸತರಲ್ಲಿ ನನ್ನ ತಲೆಯೊಳಗೆ ಸದಾ ತೊಂಬತ್ತರ ಮಗ್ಗಿ ಓಡುತ್ತಿತ್ತು. ಕೌಂಟರಿಗೆ ಒರಗಿ ನಿಂತೇ ಕುಡಿದು ಮುಗಿಸುವ ಗುಟುಕು ಕಾಫಿಗೆ ಆಗ 1.20 ಯೂರೋ, ಅಂದರೆ 108 ರೂಪಾಯಿ. ಸ್ಪ್ರಿಟ್ಸ್ ಎಂಬ ಪಾನೀಯ 3.50, ಅಂದರೆ 315. ದಾವಣಗೆರೆಯಲ್ಲಿ ಅಷ್ಟಕ್ಕೆ ಮನೆಮಂದಿಯೆಲ್ಲ ಬೆಣ್ಣೆದೋಸೆ ತಿಂದು ಕೈ ತೊಳೆಯಬಹುದಿತ್ತು. ಸ್ಕಾಲರ್‌ಶಿಪ್ಪಿನ ಮೊದಲ ಕಂತು ಇನ್ನೂ ಬಂದಿರಲಿಲ್ಲ. ಅಪ್ಪ ಬ್ಯಾಂಕಿನಲ್ಲಿ ಮಾಡಿಸಿಕೊಟ್ಟ ಎಜುಕೇಶನ್ ಲೋನಿನ ಬಡ್ಡಿ ಮಾತ್ರ ತಪ್ಪದೆ ಬೆಳೆಯುತ್ತಿತ್ತು.

ಪಾದೊವಾ ವಿಶ್ವವಿದ್ಯಾಲಯ ಶುರುವಾದದ್ದು 1222ರಲ್ಲಿ. ಗೆಲಿಲಿಯೋ ಹದಿನೆಂಟು ವರ್ಷ ಪಾಠ ಹೇಳಿದ ಜಾಗ. ನಾನು ಹೋಗುವ ಮುಂಚೆ ಓದಿಕೊಂಡಿದ್ದು ಇಷ್ಟನ್ನೇ. ಊರಿನ ಬುಧವಾರಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಶುಕ್ರವಾರ ಬಂತೆಂದರೆ ಸುತ್ತಲಿನ ಊರುಗಳ ಹುಡುಗರು ರೈಲು ಹತ್ತಿ ಮನೆಗೆ ಹೋಗಿಬಿಡುವುದರಿಂದ ಇಲ್ಲಿ ವಿದ್ಯಾರ್ಥಿಗಳ ರಾತ್ರಿಯೆಂದರೆ ಬುಧವಾರ. ಪಿಯಾತ್ಸಾ ದೆಲ್ಲೆ ಎರ್ಬೆ ಎಂಬ ಚೌಕದಲ್ಲಿ ಬೆಳಗ್ಗೆ ತರಕಾರಿ ಸಂತೆ. ಸಂಜೆ ಅದೇ ಕಲ್ಲುಹಾಸಿನ ಮೇಲೆ ಜನವೋ ಜನ, ಎಲ್ಲರ ಕೈಯಲ್ಲೂ ಕಿತ್ತಳೆ ಬಣ್ಣದ ಸ್ಪ್ರಿಟ್ಸ್ ಗ್ಲಾಸು. ಆ ಬಣ್ಣ ಕೊಡುವ ಅಪೆರೋಲ್ ಎಂಬ ಮದ್ಯ ಕೂಡ 1919ರಲ್ಲಿ ಇದೇ ಊರಿನ ವ್ಯಾಪಾರ ಮೇಳದಲ್ಲಿ ಮೊದಲು ಜನರ ಮುಂದೆ ಬಂದದ್ದು.

ನನ್ನ ಜೊತೆ ಮನೆಯಲ್ಲಿದ್ದವನು ಪುಲಿಯಾದ ಹುಡುಗ. ಇಟಲಿಯ ಬೂಟಿನ ಹಿಮ್ಮಡಿಯ ಕಡೆಯವನು. ಮೊದಲ ಬುಧವಾರ ಬಾಗಿಲು ತಟ್ಟಿ "ಬರ್ತೀಯಾ?" ಅಂದ. ನನ್ನ ಬಾಯಿಂದ ಯೋಚನೆಯಿಲ್ಲದೆ ಬಂದ ಉತ್ತರ: "ಇವತ್ತು ನನಗೆ ಉಪವಾಸ."

ನಮ್ಮ ಮನೆಯಲ್ಲಿ ಅಮ್ಮನದು ಸೋಮವಾರ ಒಪ್ಪೊತ್ತು, ಅಜ್ಜಿಯದು ಶನಿವಾರ. ಬುಧವಾರ ಯಾವ ದೇವರ ಪಾಲಿನದೆಂದು ನನಗೇ ಗೊತ್ತಿರಲಿಲ್ಲ. ಅವನು ಗಂಭೀರವಾಗಿ "ಪ್ರತಿ ಬುಧವಾರವೂ?" ಎಂದು ಕೇಳಿದ. ಹೌದು ಅಂದೆ. ಅಲ್ಲಿಗೆ ನನ್ನ ಕತೆ ಮುಗಿಯಿತು.

ಅಂದಿನಿಂದ ಅವನು ಬುಧವಾರ ಅಡುಗೆ ಮಾಡುವಾಗ ನನಗೆ ಸಂಕಟವಾಗಬಾರದೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಮನೆಗೆ ಬಂದ ಸ್ನೇಹಿತರು ಕೂಡ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವರೆಲ್ಲ ಪಿಯಾತ್ಸಾಕ್ಕೆ ಹೊರಟ ಮೇಲೆ ನಾನು ಮೆಲ್ಲಗೆ ಎದ್ದು ಕುಕ್ಕರ್ ಇಡುತ್ತಿದ್ದೆ. ಚಿತ್ರಾನ್ನ ಮಾಡಿ, ಬಿಸಿಬಿಸಿ ತಿಂದು, ಪಾತ್ರೆ ತೊಳೆದು ಒರೆಸಿ ಇದ್ದ ಜಾಗದಲ್ಲೇ ಇಟ್ಟು, ಜನವರಿಯ ಚಳಿಯಲ್ಲಿ ಕಿಟಕಿ ಪೂರ್ತಿ ತೆಗೆದು ನಡುಗುತ್ತ ನಿಲ್ಲುತ್ತಿದ್ದೆ. ಇಂಗಿನ ಒಗ್ಗರಣೆಯ ವಾಸನೆ ಇದೆಯಲ್ಲ, ಅದು ಹಾಗೆಲ್ಲ ಮನೆ ಬಿಟ್ಟು ಹೋಗುವಂಥದ್ದಲ್ಲ.

ಒಂದು ದಿನ ಅವನು ಖುಷಿಯಿಂದ ಬಂದು ಹೇಳಿದ: "ನಿನಗೋಸ್ಕರ ಈ ವಾರದಿಂದ ಗುರುವಾರ ಸೇರೋಣ ಅಂತ ಮಾಡಿದೀವಿ."

ಗುರುವಾರಕ್ಕೆ ಇನ್ನೊಬ್ಬ ದೇವರನ್ನು ಹುಡುಕುವ ಧೈರ್ಯ ಬರಲಿಲ್ಲ. ಹೋದೆ. ಪಿಯಾತ್ಸಾದಲ್ಲಿ ಎಲ್ಲರೂ ಗ್ಲಾಸು ತರಲು ಹೊರಟಾಗ ಪುಲಿಯಾದವನು "ಈ ತಿಂಗಳು ನನ್ನ ಹತ್ರ ದುಡ್ಡಿಲ್ಲ, ಸುಮ್ನೆ ನಿಲ್ಲೋಕೆ ಬಂದಿದೀನಿ" ಅಂದ. ಗಂಟೆ ಎಷ್ಟಾಯ್ತು ಎಂದು ಹೇಳುವ ದನಿಯಲ್ಲಿ ಹೇಳಿಬಿಟ್ಟ. ಯಾರೂ ತಿರುಗಿ ನೋಡಲಿಲ್ಲ. ಒಬ್ಬಳು ಚಿಪ್ಸ್ ಪೊಟ್ಟಣವನ್ನು ಅವನ ಕಡೆ ಚಾಚಿದಳು, ಅಷ್ಟೇ. ವಾರಾಂತ್ಯದಲ್ಲಿ ಅವನು ಪಿಜ್ಜಾ ಅಂಗಡಿಯಲ್ಲಿ ತಟ್ಟೆ ಎತ್ತುತ್ತಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಅಲ್ಲಿಯವರೆಗೆ ಆ ಗುಂಪಿನಲ್ಲಿ ಲೆಕ್ಕ ಹಾಕುವವನು ನಾನೊಬ್ಬನೇ ಅಂದುಕೊಂಡಿದ್ದೆ.

ಇಷ್ಟು ನೋಡಿದ ಮೇಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಹೊರಬಂದ ಮಾತು ಬೇರೆ: "ಇವತ್ತು ಎಲ್ಲರಿಗೂ ನನ್ನದೇ!" ಆರು ಗ್ಲಾಸು. ಮಗ್ಗಿ ತಾನಾಗಿ ಓಡಿ 1,890ಕ್ಕೆ ಹೋಗಿ ನಿಂತಿತು. ನಗುತ್ತಲೇ ಕಾರ್ಡ್ ಉಜ್ಜಿದೆ, ಆದರೆ ಒಂದು ಗುಟುಕೂ ರುಚಿಸಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಚಿಲ್ಲರೆ ನಾಣ್ಯಗಳ ಸಣ್ಣ ಗುಡ್ಡೆಯಿತ್ತು. ಮೂರೂವರೆ ಯೂರೋ, ಅದರಲ್ಲಿ ಹತ್ತು ಸೆಂಟಿನವೇ ಹೆಚ್ಚು. ದುಡ್ಡಿಲ್ಲ ಅಂದವನು ಎಲ್ಲಿಂದಲೋ ಒಟ್ಟುಮಾಡಿ ತನ್ನ ಪಾಲು ಇಟ್ಟಿದ್ದ. ವಾಪಸ್ ಕೊಡಲೂ ಆಗದೆ, ಜೇಬಿಗೆ ಹಾಕಿಕೊಳ್ಳಲೂ ಆಗದೆ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಪಾದೊವಾದಲ್ಲಿ ಪದವಿಯ ದಿನ ಪಾಪಿರೋ ಎಂಬ ಶಾಸ್ತ್ರವೊಂದಿದೆ. ಸ್ನೇಹಿತರು ನಮ್ಮ ವ್ಯಂಗ್ಯಚಿತ್ರ ಬರೆಸಿ, ಅದರ ಸುತ್ತ ನಮ್ಮ ಮಾನ ಕಳೆಯುವ ಪ್ರಾಸಪದ್ಯಗಳನ್ನು ತುಂಬಿ, ಆಳೆತ್ತರದ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸುತ್ತಾರೆ. ತಲೆಗೆ ಲಾರೆಲ್ ಎಲೆಯ ಕಿರೀಟ ಇಟ್ಟುಕೊಂಡು ನಾವೇ ಅದನ್ನು ಬೀದಿಯಲ್ಲಿ ಗಟ್ಟಿಯಾಗಿ ಓದಬೇಕು. ತಪ್ಪಿದರೆ ಕುಡಿಸುತ್ತಾರೆ. ನನ್ನ ಪೋಸ್ಟರಿನಲ್ಲಿ ನಾನು ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕೂತಿದ್ದೆ. ತಲೆಯ ಹಿಂದೆ ಪ್ರಭಾವಳಿ, ಬೆನ್ನ ಹಿಂದೆ ಸೀಟಿ ಹೊಡೆಯುತ್ತಿರುವ ಕುಕ್ಕರ್. ಬುಧವಾರ ರಾತ್ರಿ ಮೂರನೇ ಮಹಡಿಯಿಂದ ಬೀದಿಯವರೆಗೆ ಇಳಿದು ಬರುತ್ತಿದ್ದ ಪರಿಮಳದ ಬಗ್ಗೆಯೇ ಒಂದು ಇಡೀ ಪದ್ಯವಿತ್ತು.

ಅವರಿಗೆಲ್ಲ ಎರಡನೇ ವಾರಕ್ಕೇ ಗೊತ್ತಾಗಿತ್ತಂತೆ. ಗೊತ್ತಿದ್ದೂ ಅವನು ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದ. ಯಾಕೆ ಕೇಳಲಿಲ್ಲ ಅಂದದ್ದಕ್ಕೆ ಪುಲಿಯಾದವನು, "ನೀನೇ ಹೇಳ್ತೀಯ ಅಂತ ಕಾಯ್ತಿದ್ವಿ" ಅಂದ.

ನಾನು ಹೇಗೆ ಹೇಳಿಯೇನು? ಬಟ್ಟೆ ಅಂಗಡಿಯಲ್ಲಿ ಸೀರೆಯ ಬೆಲೆ ಕೇಳಿದ ಮೇಲೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, "ಬಣ್ಣ ಯಾಕೋ ಸರಿ ಇಲ್ಲ ಬಿಡಿ" ಎಂದು ಎದ್ದು ಬರುತ್ತಿದ್ದರು. ಅಮ್ಮನೂ "ಹೌದು, ಡಲ್ಲಾಗಿದೆ" ಅನ್ನುತ್ತಿದ್ದಳು. ಅಂಗಡಿಯವನಿಗೂ ಗೊತ್ತು, ನಮಗೂ ಗೊತ್ತು. 'ದುಡ್ಡಿಲ್ಲ' ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರಾದರೂ ಹೊರಗಿನವರ ಮುಂದೆ ಆಡಿದ್ದು ನಾನು ಕೇಳಿಯೇ ಇಲ್ಲ. ಅಪ್ಪನ ಮೇಲೆ ನನಗೆ ಸಿಟ್ಟೇನಿಲ್ಲ. ಆ ಉಪಾಯದಿಂದ ಅವರು ನಮ್ಮೆಲ್ಲರ ಮರ್ಯಾದೆ ಕಾಪಾಡಿದರು. ಪಿಯಾತ್ಸಾದಲ್ಲಿ ಮಾತ್ರ ಅದನ್ನು ಯಾರಿಂದ ಕಾಪಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಅಲ್ಲಿ ಅದನ್ನು ಕಳೆಯುವವರೇ ಇರಲಿಲ್ಲ.

ಪಾಪಿರೋ ಓದಿ ಮುಗಿಸುವ ಹೊತ್ತಿಗೆ ಅಮ್ಮ ವಿಡಿಯೋ ಕಾಲಿನಲ್ಲಿದ್ದಳು. ಗೋಡೆಯ ಮೇಲಿನ ಚಿತ್ರ ನೋಡಿ, "ಅದ್ಯಾಕೋ ನಿನ್ ಹಿಂದೆ ಕುಕ್ಕರ್ ಬರ್ದಿದಾರೆ?" ಎಂದು ಕೇಳಿದಳು.

"ನಾನು ಅಡುಗೆ ಚೆನ್ನಾಗಿ ಮಾಡ್ತೀನಂತೆ, ಅದಕ್ಕೆ," ಅಂದೆ.

ಅಮ್ಮ ಅದನ್ನು ಆಗಲೇ ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಹೇಳುತ್ತಿದ್ದಳು.