ದಾಳ ಉರುಳುವ ಮುನ್ನ

ಚೌಕಾಬಾರದ ಆಟದಲ್ಲಿ ಜಗಳವಾಗದ ಮನೆಯುಂಟೆ? ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂದು ಅತ್ತೆ ಹೇಳಿದರೆ, ತನ್ನ ತವರಿನಲ್ಲಿ ಅಂಥ ಕಟ್ಟುಪಾಡೇ ಇಲ್ಲವೆಂದು ಸೊಸೆ ಹೇಳುತ್ತಾಳೆ. ಕವಡೆಗಳು ಬಿದ್ದಲ್ಲಿಯೇ ಬಿದ್ದಿರುತ್ತವೆ. ವಾದವು ಅಡಿಗೆಯ ಮನೆಯವರೆಗೂ ಹರಿಯುತ್ತದೆ. ಆದರೂ ಅದು ಊಟದ ಹೊತ್ತಿಗೆ ಮುಗಿಯುವ ಜಗಳ. ಸತ್ತ ಕಾಯಿ ಎಂದರೆ ಒಂದು ಹುಣಿಸೆಬೀಜ, ಇಲ್ಲವೆ ಒಡೆದ ಬಳೆಯ ಚೂರು. ಅದಕ್ಕಾಗಿ ಯಾರೂ ನಿದ್ದೆಗೆಡುವುದಿಲ್ಲ.

ಆ ಹುಣಿಸೆಬೀಜಕ್ಕೆ ಒಂದು ಹೆಸರು, ಒಂದು ಊರು, ತಾಯಿತಂದೆ, ತೀರಿಸಬೇಕಾದ ಸಾಲ, ಮರೆಯಲಾರದ ಹಗೆ ಎಲ್ಲವೂ ಇದ್ದು, ಆಟಗಾರನು ಅದನ್ನು ಮೂರು ವರ್ಷ ಸಾಕಿದ್ದಾನೆಂದು ವಾಚಕರು ಭಾವಿಸಲಿ. ಆಗ ನಿಯಮದ ಮಾತು ಬೇರೆಯೇ ಆಗುತ್ತದೆ.

ಅಂಥದೊಂದು ಆಟವು ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದಿತು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಹೊತ್ತಗೆ, ಅಷ್ಟೇ ಬಂಡವಾಳ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರ. ಗುಹೆಯಲ್ಲಿ ಏನಿದೆ, ಬಾಗಿಲ ಹಿಂದೆ ಯಾವ ರಾಕ್ಷಸನಿದ್ದಾನೆ ಎಂದು ಅವನು ಬಣ್ಣಿಸುತ್ತಾನೆ. ಉಳಿದವರು ಒಬ್ಬೊಬ್ಬ ವೀರನಾಗಿ, ಮಾಂತ್ರಿಕನಾಗಿ, ಕಳ್ಳನಾಗಿ ತಾವು ಮಾಡುವುದನ್ನು ಬಾಯಲ್ಲಿ ಹೇಳುತ್ತಾರೆ. ಫಲ ಸಂದೇಹವಾದಲ್ಲಿ ದಾಳ ಉರುಳುತ್ತದೆ. ಅದರಲ್ಲಿಯೂ ಇಪ್ಪತ್ತು ಮುಖದ ದಾಳಕ್ಕೆ ವಿಶೇಷ ಗೌರವ. ಗೆಲ್ಲುವವರಾರೂ ಇಲ್ಲ, ಸೋಲುವವರೂ ಇಲ್ಲ. ಆದರೆ ಸಾಯುವವರು ಮಾತ್ರ ಉಂಟು.

ಕೊಂಡವರಿಗೆ ಮೊದಲ ದಿನದಿಂದಲೇ ಸಂಶಯಗಳು ಹುಟ್ಟಿದವು. ಹೊಡೆದಾಟದ ಕ್ರಮಕ್ಕಾಗಿ ಆ ಹೊತ್ತಗೆಗಳು ‘ಚೈನ್‌ಮೇಲ್’ ಎಂಬ ಹಿಂದಿನ ಇನ್ನೊಂದು ಆಟದ ಪುಸ್ತಕದತ್ತ ಕೈ ತೋರುತ್ತಿದ್ದವು. ಅದಿಲ್ಲದವನ ಪಾಡು, ಮೂಲವಿಲ್ಲದೆ ವ್ಯಾಖ್ಯಾನವನ್ನು ಓದಿದವನ ಪಾಡು. ಉಳಿದುದನ್ನು ನೀವೇ ಕಲ್ಪಿಸಿಕೊಳ್ಳಿ ಎಂಬ ಧಾಟಿಯಲ್ಲಿ ಗ್ರಂಥಕರ್ತರು ಕೊನೆಯಲ್ಲಿ ಉತ್ತೇಜನವನ್ನೇನೋ ಕೊಟ್ಟಿದ್ದರು. ಜನ ಕಲ್ಪಿಸಿಯೂ ಕಲ್ಪಿಸಿದರು, ಕಾಗದ ಬರೆದು ಕೇಳಿಯೂ ಕೇಳಿದರು. ತಮಗೆ ಸ್ವಾತಂತ್ರ್ಯವನ್ನು ಕೊಟ್ಟವನ ಬಳಿಗೇ ಹೋಗಿ ಅದರ ಎಲ್ಲೆಯೆಷ್ಟೆಂದು ಕೇಳುವುದು ಮನುಷ್ಯಸ್ವಭಾವವೇ ತಾನೆ! 1979ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗಳಿಗೆಂದೇ ‘ಸೇಜ್ ಅಡ್ವೈಸ್’, ಎಂದರೆ ಋಷಿಯ ಸಲಹೆ ಎಂಬ ಅಂಕಣವು ಆರಂಭವಾಯಿತು. ಮೊದಲ ಋಷಿ ಜೀನ್ ವೆಲ್ಸ್ ಎಂಬ ಮಹಿಳೆ.

ಪ್ರಶ್ನೆಗಳು ಎಂಥವು? ಬೆಂಕಿಯುಂಡೆಯ ಮಂತ್ರವನ್ನೇ ನೋಡಬಹುದು. 1978ರ ಆಟಗಾರರ ಕೈಪಿಡಿಯಂತೆ, ಆ ಉಂಡೆ ಸಿಡಿದಾಗ ಬೆಂಕಿಯು ಸುಮಾರು 33,000 ಘನ ಅಡಿಗಳಷ್ಟು ಜಾಗವನ್ನು ತುಂಬುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಅದರ ಆಕಾರಕ್ಕೆ ತಕ್ಕಂತೆ ಹರಿಯುತ್ತದೆ. ಬಯಲಲ್ಲಿ ಇದರಿಂದ ತೊಂದರೆಯಿಲ್ಲ. ಹತ್ತಡಿ ಅಗಲ, ಹತ್ತಡಿ ಎತ್ತರದ ಸುರಂಗದಲ್ಲಾದರೋ ಲೆಕ್ಕ ಹಾಕಬೇಕು: ಅಡಿಯೊಂದಕ್ಕೆ ನೂರು ಘನ ಅಡಿ, ಆದ್ದರಿಂದ ಬೆಂಕಿಯ ಉದ್ದ 330 ಅಡಿ, ಸಿಡಿದ ಕಡೆಯಿಂದ ಆಚೆಗೆ 165, ಈಚೆಗೆ 165. ನೂರು ಅಡಿಯಾಚೆಗಿನ ರಾಕ್ಷಸನ ಮೇಲೆ ಉಂಡೆಯನ್ನೆಸೆದ ಮಾಂತ್ರಿಕನು ರಾಕ್ಷಸನೊಂದಿಗೆ ತಾನೂ ಬೇಯುತ್ತಾನೆ, ತನ್ನ ಗೆಳೆಯರನ್ನೂ ಬೇಯಿಸುತ್ತಾನೆ. ಈ ಲೆಕ್ಕವನ್ನು ಸೂತ್ರಧಾರನು ಮಂತ್ರ ಹೇಳುವ ಮೊದಲೇ ತಿಳಿಸಿದ್ದರೆ ಅದು ಆಟ. ಬೆಂಕಿ ಸಿಡಿದ ಮೇಲೆ ಪುಸ್ತಕ ತೆರೆದು ಓದಿದರೆ ಅದು ಶಿಕ್ಷೆ. ನಿಯಮ ಎರಡರಲ್ಲಿಯೂ ಒಂದೇ. ಹೇಳಿದ ಹೊತ್ತು ಮಾತ್ರ ಬೇರೆ. ಮೇಜಿನಲ್ಲಿ ಮನಸ್ತಾಪಗಳು ಬಹುಮಟ್ಟಿಗೆ ಹುಟ್ಟುವುದು ಈ ಹೊತ್ತಿನ ವಿಷಯದಲ್ಲಿಯೇ.

ಅಕ್ಷರವನ್ನೇ ಹಿಡಿದು ಹೋದರೆ ಎಲ್ಲಿಗೆ ತಲುಪಬಹುದೆಂಬುದಕ್ಕೆ 2014ರ ಆವೃತ್ತಿಯಲ್ಲೊಂದು ಸೊಗಸಾದ ನಿದರ್ಶನವಿತ್ತು. ಅದೃಶ್ಯನಾದವನ ಮೇಲೆ ಕೈಮಾಡುವವನು ಎರಡು ದಾಳಗಳನ್ನುರುಳಿಸಿ ಕಡಿಮೆ ಬಿದ್ದುದನ್ನೇ ಎಣಿಸಬೇಕು. ಕಾಣದವನನ್ನು ಹೊಡೆಯುವುದು ಕಷ್ಟವಷ್ಟೆ. ಅದೃಶ್ಯರನ್ನು ಕಾಣಿಸುವ ಮಂತ್ರವೂ ಬೇರೆ ಇತ್ತು. ಆ ಮಂತ್ರವನ್ನು ಹಾಕಿಕೊಂಡವನಿಗೆ ಎದುರಾಳಿ ಕಣ್ಣಮುಂದೆ ನಿಚ್ಚಳವಾಗಿ ಕಾಣುತ್ತಾನೆ. ಆದರೆ ಕಂಡಮೇಲೆ ಈ ಅಡಚಣೆ ತಪ್ಪುತ್ತದೆಂದು ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ! ಕಂಡರೂ ಕುರುಡನಂತೆಯೇ ಹೊಡೆಯಬೇಕೆಂದು ಅಕ್ಷರವಾದಿಗಳು ಹಟ ಹಿಡಿದರು. ಇಂಥವರನ್ನು ಆ ಆಟದವರು ನಿಯಮದ ವಕೀಲರೆಂದು ಹಾಸ್ಯ ಮಾಡುತ್ತಾರೆ. ವಕೀಲರಿಗೆ ಸ್ವಲ್ಪ ಅನ್ಯಾಯವಾಗಿರಬಹುದು, ಅವರಿಗಾದರೆ ಶುಲ್ಕವಾದರೂ ಸಿಗುತ್ತದೆ. ಹತ್ತು ವರ್ಷಗಳ ತರುವಾಯ, 2024ರ ಪುಸ್ತಕದಲ್ಲಿ ಒಂದು ವಾಕ್ಯವು ಸೇರಿತು: ನೋಡಬಲ್ಲವನ ಮುಂದೆ ಅದೃಶ್ಯನಿಗೆ ಈ ಅನುಕೂಲವಿಲ್ಲ. ಅಲ್ಲಿಯವರೆಗೆ ಎಷ್ಟೋ ಮೇಜುಗಳಲ್ಲಿ ಸೂತ್ರಧಾರರು ವಾಕ್ಯಕ್ಕಾಗಿ ಕಾಯದೆ ತಮ್ಮ ಬುದ್ಧಿಯಿಂದಲೇ ಅದನ್ನು ನಡೆಸಿಕೊಂಡು ಬಂದಿದ್ದರು.

ಆ ಅಂಕಣವನ್ನು 2015ರಲ್ಲಿ ಮತ್ತೆ ಕೈಗೆತ್ತಿಕೊಂಡ ಜೆರೆಮಿ ಕ್ರಾಫರ್ಡ್ ನಿಯಮಕ್ಕೆ ಮೂರು ಬಗೆಯ ಓದನ್ನು ಹೇಳಿದರು: ಬರೆದಂತೆ, ಉದ್ದೇಶಿಸಿದಂತೆ, ಸಂತೋಷವಾಗುವಂತೆ. ಸೂತ್ರ, ವೃತ್ತಿ, ಭಾಷ್ಯಗಳನ್ನು ಕಂಡ ನಾಡಿನವರಿಗೆ ಮೊದಲೆರಡು ಹೊಸತಲ್ಲ. ಮೂರನೆಯದನ್ನು ಯಾವ ಭಾಷ್ಯಕಾರನೂ ಅಷ್ಟು ಧೈರ್ಯವಾಗಿ ಹೇಳಿದಂತಿಲ್ಲ. ಆದರೂ ಋಷಿ ಎಲ್ಲಿಯೋ ದೂರದಲ್ಲಿರುತ್ತಾರೆ. ಮೇಜಿನ ಮೇಲೆ ದಾಳ ಕಾದಿರುತ್ತದೆ. ಒಳ್ಳೆಯ ಸೂತ್ರಧಾರನು ಅರ್ಧಗಂಟೆ ಹಾಳೆ ತಿರುವುವುದಿಲ್ಲ. ‘‘ಈ ಹೊತ್ತಿಗೆ ಹೀಗಿರಲಿ, ಆಟ ಮುಗಿದ ಮೇಲೆ ನೋಡೋಣ’’ ಎಂದು ತೀರ್ಪು ಹೇಳುತ್ತಾನೆ. ಮುಗಿದ ಮೇಲೆ ನಿಜವಾಗಿಯೂ ನೋಡುತ್ತಾನೆ. ಆ ಎರಡನೆಯ ಕೆಲಸವನ್ನು ಮರೆತವನ ಮೊದಲನೆಯ ಮಾತಿಗೆ ಬೆಲೆ ಬಹಳ ದಿನ ಉಳಿಯುವುದಿಲ್ಲ.

ಒಳ್ಳೆಯ ಆಟಗಾರನೂ ಅಂಥವನೇ. ಸುರಂಗದ ಕೊನೆಯಲ್ಲಿ ರಾಕ್ಷಸರ ಕೆಂಗಣ್ಣು ಹೊಳೆಯುತ್ತದೆ. ಬೆಂಕಿಯುಂಡೆಗೆ ಬೇಕಾದ ಗಂಧಕವನ್ನೂ ಬಾವಲಿಯ ಹಿಕ್ಕೆಯನ್ನೂ ಮಾಂತ್ರಿಕನು ಆಗಲೇ ಬೆರಳಲ್ಲಿ ಹಿಡಿದಿದ್ದಾನೆ.

‘‘ಸ್ವಲ್ಪ ತಾಳು, ಇಲ್ಲಿ ಮೇಲ್ಚಾವಣಿ ಎಷ್ಟು ಎತ್ತರ?’’

‘‘ಹತ್ತಡಿ’’ ಎನ್ನುತ್ತಾನೆ ಸೂತ್ರಧಾರ.

ಮಾಂತ್ರಿಕನು ಹಿಕ್ಕೆಯನ್ನು ಮರಳಿ ಚೀಲಕ್ಕೆ ಹಾಕುತ್ತಾನೆ. ಪಕ್ಕದಲ್ಲಿದ್ದ ವೀರನು ನಿಟ್ಟುಸಿರಿಟ್ಟು ಕತ್ತಿಯನ್ನು ಹಿರಿಯುತ್ತಾನೆ.