ನಾರಾಯಣಪೇಟೆಯ ಹಿತ್ತಿಲಲ್ಲಿ

ರಾಯಚೂರಿನಿಂದ ಕೃಷ್ಣೆಯನ್ನು ದಾಟಿ, ಮಕ್ತಲ್ ಮಾರ್ಗವಾಗಿ ನಾವು ನಾರಾಯಣಪೇಟೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಸೀರೆಗಳಿಗೆ ಹೆಸರಾದ ಈ ಊರಿನಲ್ಲಿ ನಿಜಾಮರ ಕಾಲದಲ್ಲಿ ಟಂಕಸಾಲೆಯೂ ಇತ್ತು. ಇಲ್ಲಿಯ ರೂಪಾಯಿಗಳ ಮೇಲಿನ ಹೆಸರು ದಿಲ್‌ಶಾದಾಬಾದ್. ಗದ್ವಾಲ ಸಂಸ್ಥಾನಕ್ಕೂ ತನ್ನದೇ ನಾಣ್ಯಗಳಿದ್ದವು.

ನಾವು ಇಳಿದುಕೊಂಡ ಮನೆಯ ಹುಡುಗ ಲೋಹ ಪತ್ತೆಮಾಡುವ ಯಂತ್ರವೊಂದನ್ನು ತರಿಸಿದ್ದ. ಹಿತ್ತಿಲಲ್ಲಿ ಅದು ಕೂಗಿದಲ್ಲೆಲ್ಲ ಗುದ್ದಲಿ! ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿಯ ಮುಚ್ಚಳ. (ನಾವೂ ಮಕ್ಕಳಂತೆ ಬಗ್ಗಿ ನೋಡುತ್ತಿದ್ದೆವೆಂದು ಒಪ್ಪಿಕೊಳ್ಳಲೇಬೇಕು.) ಕೊನೆಗೆ ಮಣ್ಣು ಮೆತ್ತಿದ ಒಂದು ಬೆಳ್ಳಿ ನಾಣ್ಯ ಬಂತು.

“ನಮ್ ಮನಿ, ನಮ್ ಮಣ್ಣು ಫಾದರ್. ಹೈದರಾಬಾದಿಗೆ ಒಯ್ದು ಮಾರ್ತೀನ್ರಿ” ಎಂದ.

ಮಣ್ಣು ನಮ್ಮದಾದರೂ ಅದರೊಳಗಿನ ನಿಧಿ ನಮ್ಮದೆನ್ನಲಾಗದು. ಬ್ರಿಟಿಷರು ಮಾಡಿದ 1878ರ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕು; ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ. ಕರ್ನಾಟಕಕ್ಕೂ 1962ರ ಕಾಯ್ದೆಯಿದೆ. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ಅಗೆಯುವಾಗ ಸಿಕ್ಕ ಚಿನ್ನವನ್ನು ಆ ಮನೆಯವರು ಸರ್ಕಾರಕ್ಕೆ ಒಪ್ಪಿಸಿದ್ದನ್ನು ಹೇಳಿದೆವು. ನಾಣ್ಯ ಎಷ್ಟು ಆಳದಲ್ಲಿ, ಯಾವುದರ ಜೊತೆ ಇತ್ತೆಂಬುದರಲ್ಲೇ ಅರ್ಧ ಚರಿತ್ರೆಯಿದೆ. ಗುದ್ದಲಿ ಮೊದಲು ಅಳಿಸುವುದೂ ಅದನ್ನೇ.

“ಸುವಾರ್ತೆಯಲ್ಲಿ ಹೊಲದಾಗ ನಿಧಿ ಕಂಡವ ಬಚ್ಚಿಟ್ಟನಲ್ರಿ?” ಎಂದು ನಮ್ಮನ್ನೇ ಕೆಣಕಿದ.

“ಅವನು ತನಗಿದ್ದುದನ್ನೆಲ್ಲ ಮಾರಿದ. ನೀನು ಸಿಕ್ಕಿದ್ದನ್ನೇ ಮಾರಲು ಹೊರಟಿದ್ದೀಯಲ್ಲೋ!” ಎಂದೆವು. ಅಜ್ಜಿ ಬಾಯಿತುಂಬ ನಕ್ಕರು.

ಬೆಳಿಗ್ಗೆ ನಾವು ಗದ್ವಾಲದ ಕೋಟೆ ನೋಡಲು ಹೊರಟಾಗ ಹುಡುಗ ಕಲೆಕ್ಟರರಿಗೆ ಅರ್ಜಿ ಬರೆಯುತ್ತಾ ಕುಳಿತಿದ್ದ. ಹಿತ್ತಿಲ ಗುಂಡಿ ಮುಚ್ಚೆಂದು ಅಜ್ಜಿ ಒಳಗಿನಿಂದ ಕೂಗುತ್ತಲೇ ಇದ್ದರು.