ಬೆಟ್ಟದ ಮೇಲಿನ ನೀರು

ಇಂಗ್ಲೆಂಡಿನ ಬಾತ್. ನೀರು ಓಡುತ್ತಿಲ್ಲ. ಮೊದಲ ಗೊಂದಲ ಇದೇ. ಮಂಡ್ಯದ ಕಡೆಯ ನಾಲೆಗಳನ್ನು ನೋಡಿದ ಕಣ್ಣಿಗೆ ನಾಲೆ ಎಂದರೆ ಓಡುವ ನೀರು, ತೂಬು, ಅದರಾಚೆ ಗದ್ದೆ. ಕೆನೆಟ್ ಅಂಡ್ ಏವನ್ ಕಾಲುವೆಯ ಎರಡೂ ದಂಡೆಗೆ ಹುಲ್ಲುಗಾವಲಿದೆ, ಹೊಲವಿದೆ. ಅವು ಈ ನೀರನ್ನು ಕಾಯುತ್ತಿಲ್ಲ, ಮಳೆಯೇ ಅವಕ್ಕೆ ಸಾಕು. ಈ ನೀರು ಇರುವುದು ದೋಣಿ ತೇಲುವುದಕ್ಕೆ. 1810ರಲ್ಲಿ ಪೂರ್ತಿಯಾದ ದಾರಿ. ಬ್ರಿಸ್ಟಲ್‌ನಿಂದ ರೆಡಿಂಗ್‌ವರೆಗೆ, ಎರಡು ತುದಿಯ ನದಿಗಳನ್ನೂ ಸೇರಿಸಿ 87 ಮೈಲಿ. ಮುಖ್ಯ ಸರಕು ಕಲ್ಲಿದ್ದಲು.

ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಡ. ಮುಕ್ಕಾಲು ಗಂಟೆ ಹೇಳಿಕೊಟ್ಟು, ಕೀಲಿ ಕೈಗಿಟ್ಟು ಕಳಿಸುತ್ತಾರೆ. ಉದ್ದ 60 ಅಡಿ, ಅಗಲ 7 ಅಡಿಗಿಂತ ತುಸು ಕಡಿಮೆ. ನಡೆಸುವವರು ಹಿಂದಿನ ತುದಿಯಲ್ಲಿ ನಿಂತಿರಬೇಕು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ. ಅದೂ ಕೂಡಲೇ ಅಲ್ಲ. ತಳ್ಳಿ, ಏನೂ ಆಗಲಿಲ್ಲವೆಂದು ಇನ್ನಷ್ಟು ತಳ್ಳಿದರೆ, ಆಮೇಲೆ ಎರಡೂ ಸೇರಿ ಮೂತಿ ದಂಡೆಗೆ ಹೋಗುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಅದೂ ಹೆಚ್ಚು, ಅವು ಹಗ್ಗ ಜಗ್ಗಿಕೊಂಡು ಓಲಾಡುತ್ತವೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆದಾರಿಯಲ್ಲಿ ನಾಯಿ ಕರೆದುಕೊಂಡು ಹೊರಟವರು ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದಾರೆ.

ಲಾಕು. ಕಲ್ಲಿನ ಪೆಟ್ಟಿಗೆ, ಎರಡು ತುದಿಗೂ ಮರದ ಗೇಟು. ಒಳಗೆ ಹೋಗಿ ಹಿಂದಿನ ಗೇಟು ಮುಚ್ಚಿ, ಮೇಲಿನ ತೂಬನ್ನು ಕಬ್ಬಿಣದ ಹಿಡಿಕೆಯಿಂದ ತಿರುಗಿಸಿ ಎತ್ತಿದರೆ ನೀರು ನುಗ್ಗಿ ದೋಣಿ ಏಳುತ್ತದೆ. ಹಗ್ಗ ಬಿಗಿಹಿಡಿಯದಿದ್ದರೆ ಗೋಡೆಗೆ ಬಡಿಯುತ್ತದೆ. ಗೇಟಿನ ಎರಡು ಬಾಗಿಲು ನೆಟ್ಟಗೆ ಕೂಡುವುದಿಲ್ಲ, ಮೇಲಿನ ನೀರಿನ ಕಡೆಗೆ ಮೊನೆಯಾಗಿ ಕೂಡುತ್ತವೆ. ನೀರು ಒತ್ತಿದಷ್ಟೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಗೇಟಿನ ತೊಲೆಗೆ ಬೆನ್ನು ಕೊಟ್ಟು ನಾಲ್ಕು ಜನ ತಳ್ಳಿದರೂ ಕದಲದು. ಎರಡು ಕಡೆಯ ನೀರು ಸಮವಾದ ಗಳಿಗೆಯಲ್ಲಿ ಒಬ್ಬರು ಒರಗಿದರೆ ತೆರೆಯುತ್ತದೆ. ಇದರ ಸೊಗಸು ನನಗೆ ಇನ್ನೂ ಹಳತಾಗಿಲ್ಲ.

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ದೋಣಿ ಹತ್ತಲಿ, ಇಳಿಯಲಿ, ಪ್ರತಿ ಸಲವೂ ಒಂದು ಲಾಕಿನಷ್ಟು ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಎರಡು ಲಕ್ಷ ಲೀಟರಿಗೂ ಹೆಚ್ಚು. ಕಾಲುವೆ ಗುಡ್ಡ ಹತ್ತಿ ಆಚೆ ಇಳಿಯುತ್ತದೆ. ಹಾಗಾದರೆ ನೆತ್ತಿಯ ಮೇಲಿನ ನೀರು ತೀರಿಹೋಗಬೇಕಲ್ಲ? ಅಲ್ಲಿ ನದಿಯೂ ಇಲ್ಲ.

ಇಲ್ಲಿ ಎರಡು ದೋಣಿ ಅಕ್ಕಪಕ್ಕ ಹಿಡಿಸುವಷ್ಟು ಲಾಕು ಅಗಲವಿದೆ. ಹಾಗಾಗಿ ಇನ್ನೊಂದು ದೋಣಿ ಕಾಣಿಸಿದರೆ ಕಾಯುವುದು ವಾಡಿಕೆ. ಒಂದೇ ನೀರಿನಲ್ಲಿ ಇಬ್ಬರ ಕೆಲಸ.

ಕ್ಲಾವರ್ಟನ್. ಪ್ರಶ್ನೆಗೆ ಅರ್ಧ ಉತ್ತರ. ಬಾತ್‌ನ ಲಾಕುಗಳು ಖಾಲಿ ಮಾಡುವ ನೀರನ್ನು ತುಂಬಿಕೊಡಲು 1813ರಲ್ಲಿ ಕಾಲುವೆಯ ಎಂಜಿನಿಯರ್ ಜಾನ್ ರೆನಿ ಕೂರಿಸಿದ ಯಂತ್ರ. ಕೆಳಗೆ ಏವನ್ ನದಿ. ಅದರ ಹರಿವಿಗೆ 24 ಅಡಿ ಅಗಲದ ಚಕ್ರ ತಿರುಗುತ್ತದೆ, ಚಕ್ರ ಪಂಪನ್ನು ಆಡಿಸುತ್ತದೆ, ಪಂಪು ಅದೇ ನದಿಯ ನೀರನ್ನು 48 ಅಡಿ ಮೇಲಿನ ಕಾಲುವೆಗೆ ಎತ್ತುತ್ತದೆ. ಸೌದೆಯಿಲ್ಲ, ಕಲ್ಲಿದ್ದಲಿಲ್ಲ. ನದಿಯೇ ದುಡಿದು ತನ್ನ ನೀರನ್ನು ತಾನೇ ಮೇಲಕ್ಕೆ ಕೊಡುತ್ತಿದೆ. 1952ರಲ್ಲಿ ನಿಂತದ್ದನ್ನು ಸ್ವಯಂಸೇವಕರು 1970ರ ದಶಕದಲ್ಲಿ ಮತ್ತೆ ಓಡಿಸಿದರು. ದಿನನಿತ್ಯದ ಕೆಲಸ ಈಗ ವಿದ್ಯುತ್ ಪಂಪಿನದು.

ಸ್ವಲ್ಪ ಮುಂದೆ ಡಂಡಾಸ್ ಮೇಲ್ಗಾಲುವೆ. ಕೆಳಗೆ ನದಿ ಹರಿಯುತ್ತಿದೆ, ಅದರ ಮೇಲೆ ಕಲ್ಲಿನ ಕಮಾನಿನಲ್ಲಿ ನಮ್ಮ ದೋಣಿ ತೇಲುತ್ತಿದೆ. ತಲೆ ತುಸು ತಿರುಗುತ್ತದೆ.

ಬ್ರಾಡ್‌ಫರ್ಡ್. ದಂಡೆಯುದ್ದಕ್ಕೂ ದೋಣಿಗಳೇ ಮನೆ. ಸೂರಿನ ಮೇಲೆ ಸೌದೆ, ಸೈಕಲ್ಲು, ಸೊಪ್ಪಿನ ಕುಂಡ. ಕಾಯಂ ಕಟ್ಟುವ ಜಾಗವಿಲ್ಲದವರು ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, 1995ರ ಕಾಯ್ದೆ. ಲಾಕಿನಲ್ಲಿ ಜೊತೆಯಾದ ಹೆಂಗಸನ್ನು ಕೇಳಿದೆ, ಮಕ್ಕಳ ಶಾಲೆ? "ಶಾಲೆ ಅಲ್ಲೇ ಇರುತ್ತೆ, ನಾವು ಒಂದು ಸಲ ಹತ್ತಿರ, ಒಂದು ಸಲ ದೂರ," ಎಂದರು. ಮನೆಯನ್ನು ಸರಿಸುತ್ತಲೇ ಇರಬೇಕೆಂಬ ಕಾನೂನು ಮಕ್ಕಳಿರುವ ಸಂಸಾರಕ್ಕೆ ಕಠಿಣವೆನಿಸಿತು. ಆದರೆ ಯಾರೂ ಕದಲದಿದ್ದರೆ ದಾರಿಯಲ್ಲಿ ಬಂದವರಿಗೆ ದೋಣಿ ಕಟ್ಟಲು ಜಾಗ ಸಿಗುವುದಾದರೂ ಹೇಗೆ?

ಕೇನ್ ಹಿಲ್. ಕೆಳಗೆ ನಿಂತು ತಲೆ ಎತ್ತಿದರೆ ಗುಡ್ಡದುದ್ದಕ್ಕೂ ಗೇಟಿನ ಹಿಂದೆ ಗೇಟು. ಎರಡು ಮೈಲಿಯಲ್ಲಿ 29 ಲಾಕು, 237 ಅಡಿ ಏರು. ನಡುವಿನ 16 ಒಂದೇ ಗೆರೆಯಲ್ಲಿ. ಹತ್ತಲು ಐದಾರು ಗಂಟೆ. ಏರು ಎಷ್ಟು ಕಡಿದೆಂದರೆ, ಒಂದು ಲಾಕಿಗೂ ಮುಂದಿನದಕ್ಕೂ ನಡುವೆ ನೀರು ನಿಲ್ಲಲು ಎಡೆಯೇ ಇಲ್ಲ. ಅದಕ್ಕೆ ಈ 16 ಲಾಕುಗಳ ಮಗ್ಗುಲಿಗೆ ಕೊಳಗಳನ್ನು ತೋಡಿದ್ದಾರೆ. ಬೇಕಾದ ಇಟ್ಟಿಗೆಗೆ ಮಣ್ಣೂ ಇಲ್ಲಿಯದೇ. ಎಲ್ಲಕ್ಕೂ ಕೊನೆಗೆ ಮುಗಿದ ಭಾಗ ಇದು. ಅಲ್ಲಿಯವರೆಗೆ ಸರಕನ್ನು ಬುಡದಲ್ಲಿ ಇಳಿಸಿ, ಕಬ್ಬಿಣದ ಹಳಿಯ ಮೇಲೆ ಕುದುರೆಗಳಿಂದ ಮೇಲಕ್ಕೆ ಎಳೆಸುತ್ತಿದ್ದರಂತೆ. ಕಾಲುವೆ ಬಂದು ಹಳಿಯನ್ನು ಕಿತ್ತು ಹಾಕಿತು. 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲು ಬಂದು ಕಾಲುವೆಯ ವ್ಯಾಪಾರ ಕಿತ್ತುಕೊಂಡಿತು. 1852ರಲ್ಲಿ ಆ ರೈಲ್ವೆ ಕಂಪನಿಯೇ ಕಾಲುವೆಯನ್ನು ಕೊಂಡಿತು.

1996ರಿಂದ ಗುಡ್ಡದ ಬುಡದಲ್ಲಿ ಪಂಪಿದೆ. ದಿನಕ್ಕೆ 3.2 ಕೋಟಿ ಲೀಟರ್ ಎತ್ತಬಲ್ಲದು: 11 ನಿಮಿಷಕ್ಕೊಂದು ಲಾಕಿನಷ್ಟು. ನಾವು ಕೆಳಕ್ಕೆ ಬಿಟ್ಟ ನೀರೇ ನಮಗಿಂತ ಮೊದಲು ಮೇಲೆ ಹೋಗಿ ಕಾಯುತ್ತಿರಬಹುದು.

ಡಿವೈಜಿಸ್. ರೂಢಿಗೆ ಬಂದಂತೆ ಕಾಣುವ ಈ ಸಂಚಾರ ಇತ್ತೀಚಿನದು. 1950ರ ದಶಕದಲ್ಲಿ ಕಾಲುವೆಯ ಉದ್ದಕ್ಕೂ ಹೋಗುವುದೇ ಅಸಾಧ್ಯವಾಗಿತ್ತು, ಲಾಕುಗಳು ಪಾಳುಬಿದ್ದಿದ್ದವು. 1956ರಲ್ಲಿ ದೋಣಿ ಓಡಿಸುವ ಹಕ್ಕನ್ನೇ ರದ್ದು ಮಾಡುವ ಮಸೂದೆ ಪಾರ್ಲಿಮೆಂಟಿಗೆ ಬಂತು. ಜನ 22,000 ಸಹಿ ಹಾಕಿ, ಮನವಿಯನ್ನು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಸಾಧ್ಯವಾದಷ್ಟೂ ಜಲಮಾರ್ಗದಲ್ಲೇ ಸಾಗಿಸಿ ರಾಣಿಗೆ ಕಳಿಸಿದರು. ಆಮೇಲೆ ದಶಕಗಟ್ಟಲೆ ಕೆಸರು ಬಾಚಿ, ಗೇಟು ಕೂರಿಸಿದರು. 1990ರ ಆಗಸ್ಟ್‌ನಲ್ಲಿ ಅದೇ ರಾಣಿ ಎರಡನೆಯ ಎಲಿಜಬೆತ್ ಮತ್ತೆ ತೆರೆದರು. ಲಾಭ ತರದ ಒಂದು ದಾರಿಗಾಗಿ ಇಷ್ಟು ದುಡಿದವರನ್ನು ನೆನೆದರೆ ಗೌರವ ಹುಟ್ಟುತ್ತದೆ.

ಇಲ್ಲಿಂದ 15 ಮೈಲಿ ಲಾಕೇ ಇಲ್ಲ. ಬರೆಯುವಂಥದ್ದೂ ಹೆಚ್ಚಿಲ್ಲ. ಮಿಂಚುಳ್ಳಿ ಎರಡು ಸಲ.

ಬ್ರೂಸ್ ಸುರಂಗ. ನೆತ್ತಿಗೆ ಬಂದೆವು. 502 ಗಜ. ರೆನಿಗೆ ಇಲ್ಲಿ ಬರೀ ಕಂದಕ ಸಾಕಾಗಿತ್ತು. ನೆಲದ ಒಡೆಯನಾದ ಅರ್ಲ್ ಸುರಂಗವೇ ಆಗಬೇಕೆಂದು ಹಟ ಹಿಡಿದ. ಒಳಗೆ ದಂಡೆದಾರಿಯಿಲ್ಲ. ಕುದುರೆಗಳನ್ನು ಗುಡ್ಡದ ಮೇಲಿಂದ ನಡೆಸಿ, ಗೋಡೆಯ ಸರಪಳಿ ಹಿಡಿದು ಆಳುಗಳು ದೋಣಿ ಎಳೆಯುತ್ತಿದ್ದರು.

ಕ್ರಾಫ್ಟನ್. ಉಳಿದರ್ಧ ಉತ್ತರ. ನೆತ್ತಿಯ ಮಟ್ಟಕ್ಕಿಂತ ಸುಮಾರು 40 ಅಡಿ ಕೆಳಗೆ ಊಟೆಗಳ ನೀರು ಕೂಡುವ ಕೆರೆ. ಪಕ್ಕದಲ್ಲಿ ಇಟ್ಟಿಗೆಯ ಯಂತ್ರಮನೆ. ಒಳಗೆ 1812ರ ಬೋಲ್ಟನ್ ಅಂಡ್ ವಾಟ್ ಉಗಿಯಂತ್ರ. ಕೆಲವು ವಾರಾಂತ್ಯಗಳಲ್ಲಿ ಕಲ್ಲಿದ್ದಲು ಹಾಕಿ ಹೊತ್ತಿಸುತ್ತಾರೆ. ಆಗ ದಿನನಿತ್ಯದ ವಿದ್ಯುತ್ ಪಂಪನ್ನು ನಿಲ್ಲಿಸುತ್ತಾರೆ, ಉಗಿಯಂತ್ರ ತನ್ನನ್ನು ಕಟ್ಟಿದಂದಿನ ಕೆಲಸವನ್ನೇ ಕಟ್ಟಿದಲ್ಲೇ ಮಾಡುತ್ತದೆ: ನೆತ್ತಿಗೆ ನೀರು.

ಆದರೆ ಇಲ್ಲೇ ಹೊಸ ಗೊಂದಲ. ರೆನಿಯ ಮೊದಲ ನಕ್ಷೆಯಲ್ಲಿ ಪಂಪು ಬೇಕಿರಲಿಲ್ಲ. ಊಟೆಗಳ ನೀರು ತಾನೇ ಹರಿದು ಬರುವಷ್ಟು ತಗ್ಗಿನಲ್ಲೇ ನೆತ್ತಿ ಇತ್ತು, ಬದಲಿಗೆ ಎರಡು ಮೈಲಿ ಮೀರಿದ ಸುರಂಗ. ಇನ್ನೊಬ್ಬ ಎಂಜಿನಿಯರ್ ವಿಲಿಯಂ ಜೆಸಪ್ ಅದನ್ನು ನೋಡಿ, ನೆತ್ತಿಯನ್ನು ಮೇಲೇರಿಸಿ ಪಂಪು ಹಾಕಿದರೆ ಹಣವೂ ಕಾಲವೂ ಉಳಿಯುತ್ತದೆ ಎಂದರು. ಉಳಿಯಿತು. ಅಂದಿನಿಂದ ಇಂದಿನವರೆಗೆ, ಮೊದಲು ಕಲ್ಲಿದ್ದಲು ಉರಿಸಿ, ಈಗ ಕರೆಂಟಿನಲ್ಲಿ, ಆ 40 ಅಡಿ ನೀರು ಎತ್ತುತ್ತಲೇ ಇದ್ದಾರೆ. ನನ್ನ ಮನಸ್ಸು ರೆನಿಯ ಮೊದಲ ನಕ್ಷೆಯ ಕಡೆಗಿದೆ. ಆದರೆ ಅದು 1793, ಫ್ರಾನ್ಸಿನ ಜೊತೆ ಯುದ್ಧ ಶುರುವಾದ ವರ್ಷ. ಮುಂದೆ ಬೆಲೆ ಏರಿ ಕಾಲುವೆ ಕಂಪನಿಗೆ ಹಣ ಸಾಲದಾಯಿತು. ಎರಡು ಮೈಲಿ ಸುರಂಗ ಅಗೆಯಲು ಹೊರಟಿದ್ದರೆ ಈ ಕಾಲುವೆ ಮುಗಿಯುತ್ತಿತ್ತೇ?